ಕಂಡವನ ಹೊಣೆ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕನ್ನಡಿಗರಿಗೆ ಹೊಸತಲ್ಲ. ಕಣ್ಣು ಮೋಸಹೋಗುವ ಇಂದ್ರಿಯವೆಂಬ ಎಚ್ಚರಿಕೆ ಅದರಲ್ಲಿದೆ. ಆದರೆ ಆ ಗಾದೆಯು ಇನ್ನೊಂದು ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿದೆ. ಕಂಡದ್ದು ನಿಜವೆಂದು ಪ್ರಮಾಣಿಸಿಯಾದ ಮೇಲೆ ಕಂಡವನು ಮಾಡಬೇಕಾದುದೇನು? ಹಸಿದವನೊಬ್ಬನು ಮನೆಯ ಬಾಗಿಲಿಗೆ ಬಂದು ನಿಂತಾಗ ಈ ಪ್ರಶ್ನೆಗೆ ಉತ್ತರ ಕಠಿನವಲ್ಲ. ಅನ್ನವಿದ್ದವನು ಇಕ್ಕುತ್ತಾನೆ; ಇದ್ದೂ ಇಕ್ಕದವನು ಅದರ ನಾಚಿಕೆಯನ್ನು ಹೊರುತ್ತಾನೆ. ಆದರೆ ಹಸಿದವನು ಬಾರದೆ ಅವನ ಚಿತ್ರ ಮಾತ್ರ ಬಾಗಿಲಿಗೆ ಬಂದರೆ? ಚಿತ್ರಕ್ಕೆ ಅನ್ನವಿಕ್ಕಲಾಗದು. ಅದನ್ನು ಮಡಚಿಡಬಹುದು, ಪುಟ ತಿರುವಬಹುದು, ಬೆರಳಿನಿಂದ ಮೇಲಕ್ಕೆ ಸರಿಸಿ ಮರೆಯಬಹುದು. ಹೀಗೆ ಮರೆಯಬಲ್ಲವನಿಗೆ ಏನಾದರೂ ಹೊಣೆಯುಂಟೆ, ಇದ್ದರೆ ಅದು ಎಂತಹುದು ಎಂಬುದನ್ನು ವಿವೇಚಿಸುವುದು ಈ ಕಾಲಕ್ಕೆ ಅತ್ಯವಶ್ಯವಾಗಿದೆ. ಏಕೆಂದರೆ ಹಿಂದಿನವರು ಒಂದು ಜನ್ಮದಲ್ಲಿ ಕಾಣದಷ್ಟು ಪರರ ದುಃಖವನ್ನು ಇಂದಿನ ಮನುಷ್ಯನು ಬೆಳಗಿನ ಕಾಫಿ ಮುಗಿಯುವುದರೊಳಗಾಗಿ ಕಾಣುತ್ತಾನೆ.

ಈ ವಿಚಾರಕ್ಕೆ ಭರತಖಂಡದ ಇತಿಹಾಸದಲ್ಲಿ ಎರಡು ಕ್ಷಾಮಗಳು ಒಳ್ಳೆಯ ನಿದರ್ಶನಗಳಾಗಿವೆ. ಎರಡರಲ್ಲಿಯೂ ಚಿತ್ರಗಳು ತೆಗೆಯಲ್ಪಟ್ಟವು. ಎರಡರಲ್ಲಿಯೂ ಜನ ನೋಡಿದರು. ನೋಡಿದ್ದರ ಫಲ ಮಾತ್ರ ಒಂದೇ ಆಗಲಿಲ್ಲ.

ಮೊದಲನೆಯದು 1876ರಿಂದ 1878ರ ವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮ. ಧಾತು ಸಂವತ್ಸರದಲ್ಲಿ ಮಳೆ ಹೋಯಿತು, ಈಶ್ವರ ಸಂವತ್ಸರದಲ್ಲಿ ಊರುಗಳು ಬರಿದಾದವು. ಆದುದರಿಂದಲೇ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಅದು ಧಾತು ಈಶ್ವರ ಬರವೆಂದು ಹೆಸರಾಯಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಈ ಎರಡು ಅಂಕಿಗಳ ನಡುವೆ ಎಷ್ಟು ಮನೆಗಳ ಒಲೆ ಆರಿತೆಂಬುದನ್ನು ಓದುವವನೇ ಊಹಿಸಬೇಕು. ಸಂಸ್ಥಾನವು ಆಗ ಬ್ರಿಟಿಷ್ ಕಮೀಷನರರ ಆಳ್ವಿಕೆಯಲ್ಲಿತ್ತು. ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಒಂದಾಣೆಯೂ ಸಾಕೆಂದು ಕ್ಷಾಮಪ್ರದೇಶಕ್ಕೆ ಕಳುಹಿಸಲ್ಪಟ್ಟ ಸರ್ ರಿಚರ್ಡ್ ಟೆಂಪಲನು 1877ರಲ್ಲಿ ಗೊತ್ತುಮಾಡಿದನು. ಅದೇ ವರ್ಷದ ಜನವರಿ 1ರಂದು ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಘೋಷಿಸುವುದಕ್ಕಾಗಿ ವೈಸರಾಯ್ ಲಿಟ್ಟನ್ನನು ದೆಹಲಿಯಲ್ಲಿ ದರ್ಬಾರು ನಡೆಸಿದ್ದನು. ಆ ವೈಭವವನ್ನು ಬರೆಯಲು ವಾಲ್ ಪ್ರಿನ್ಸೆಪ್ ಎಂಬ ಚಿತ್ರಕಾರನನ್ನು ನೇಮಿಸಲಾಗಿತ್ತು. ಅವನು ಬಹು ದೊಡ್ಡ ತೈಲಚಿತ್ರವೊಂದನ್ನು ರಚಿಸಿದನು. ಹೀಗೆ ಒಂದೇ ಕಾಲದಲ್ಲಿ ಇಂಗ್ಲೆಂಡಿನ ಕಣ್ಣಿಗೆ ಭಾರತದಿಂದ ಎರಡು ಬಗೆಯ ಚಿತ್ರಗಳು ಹೋದವು. ಒಂದರಲ್ಲಿ ಆನೆ, ಛತ್ರ, ರಾಜರ ಪೇಟಗಳು, ಇನ್ನೊಂದರಲ್ಲಿ ಪಕ್ಕೆಲುಬುಗಳು.

ಎರಡನೆಯ ಬಗೆಯ ಚಿತ್ರಗಳನ್ನು ತೆಗೆದವರಲ್ಲಿ ಹೆಸರಾದವನು ವಿಲ್ಲೋಬಿ ವಾಲೇಸ್ ಹೂಪರ್ ಎಂಬ ಮದರಾಸು ಅಶ್ವದಳದ ಅಧಿಕಾರಿ. ಅವನ ಛಾಯಾಚಿತ್ರಗಳಲ್ಲಿ ಗಂಡಸರೂ ಹೆಂಗಸರೂ ಮಕ್ಕಳೂ ಸಾಲಾಗಿ ಕುಳಿತು, ಕೆಲವರು ನೆಲಕ್ಕೊರಗಿ, ಕ್ಯಾಮೆರಾದ ಕಡೆ ನೋಡುತ್ತಿದ್ದಾರೆ. ಮೈಯಲ್ಲಿ ಚರ್ಮ, ಎಲುಬುಗಳಲ್ಲದೆ ಮತ್ತೇನೂ ಉಳಿದಿಲ್ಲ. ಇಲ್ಲಿ ಯಂತ್ರದ ಒಂದು ಸಂಗತಿಯನ್ನು ಗಮನಿಸಬೇಕು. ಆ ಕಾಲದ ಛಾಯಾಗ್ರಹಣವು ರಾಸಾಯನಿಕ ಬಳಿದ ಒದ್ದೆ ಗಾಜಿನ ಫಲಕದ ಮೇಲೆ ನಡೆಯುತ್ತಿದ್ದಿತು. ಫಲಕವು ಬೆಳಕನ್ನು ಹಿಡಿಯಲು ಕೆಲವು ಕ್ಷಣಗಳು ಬೇಕಾಗುತ್ತಿದ್ದವು. ಅಷ್ಟು ಹೊತ್ತು ಎದುರಿಗಿದ್ದವರು ಅಲ್ಲಾಡಬಾರದು. ಎಂದರೆ ಹಸಿವಿನಿಂದ ಕುಸಿಯುತ್ತಿದ್ದವರನ್ನು ಕರೆಸಿ, ಸಾಲು ಹಿಡಿಸಿ, ಕದಲದಿರಿ ಎಂದು ಹೇಳಿದಲ್ಲದೆ ಆ ಚಿತ್ರಗಳು ಹುಟ್ಟುವಂತೆಯೇ ಇರಲಿಲ್ಲ. ಚಿತ್ರ ತೆಗೆದಾದ ಮೇಲೆ ಅವನು ಆ ಜನರನ್ನು ಅನ್ನವಿಲ್ಲದೆ ಹಾಗೆಯೇ ಹಿಂದಕ್ಕೆ ಕಳುಹಿಸಿದನೆಂಬ ಕಥೆ ಛಾಯಾಗ್ರಾಹಕರಲ್ಲಿ ಮುಂದೆ ಹಬ್ಬಿತು. ಅದು ಕಟ್ಟುಕಥೆಯೇ ಆಗಿರಲಿ. ಅಂತಹ ಕಥೆ ಹುಟ್ಟುವುದಕ್ಕೆ ಆ ಚಿತ್ರಗಳಲ್ಲಿಯೇ ಕಾರಣವಿದೆ. ಅಲ್ಲಿರುವ ಒಬ್ಬರ ಹೆಸರಾದರೂ ಉಳಿದಿಲ್ಲ. ಯಾವ ಊರು, ಯಾವ ಕಸುಬು, ಮನೆಯಲ್ಲಿ ಎಷ್ಟು ಜನ ಸತ್ತರು ಎಂಬುದನ್ನು ಕೇಳಿ ಬರೆದುಕೊಂಡವರಿಲ್ಲ.

ಆದರೂ ಆ ಚಿತ್ರಗಳು ನಿಷ್ಫಲವಾದುವೆಂದು ಹೇಳಿದರೆ ಅನ್ಯಾಯವಾದೀತು. ವೃತ್ತಪತ್ರಿಕೆಯಲ್ಲಿ ಛಾಯಾಚಿತ್ರವನ್ನು ನೇರವಾಗಿ ಅಚ್ಚುಮಾಡುವ ವಿಧಾನ ಆಗ ಬಳಕೆಗೆ ಬಂದಿರಲಿಲ್ಲ. ಚಿತ್ರವನ್ನು ನೋಡಿ ಮರದ ಅಚ್ಚಿನಲ್ಲಿ ಕೆತ್ತಿ ಮುದ್ರಿಸುತ್ತಿದ್ದರು. ಲಂಡನ್ನಿನ ಸಚಿತ್ರ ವಾರಪತ್ರಿಕೆಗಳಲ್ಲಿ ಕ್ಷಾಮದ ಇಂತಹ ಕೆತ್ತನೆಗಳು ಪ್ರಕಟವಾದವು. 1877ರ ಆಗಸ್ಟಿನಲ್ಲಿ ಮದರಾಸಿನ ನಾಗರಿಕರು ಸಭೆ ಸೇರಿ ಇಂಗ್ಲೆಂಡಿನ ಜನರಿಗೆ ಮೊರೆಯಿಟ್ಟರು. ಮದರಾಸಿನ ಪತ್ರಿಕಾಸಂಪಾದಕ ವಿಲಿಯಂ ಡಿಗ್ಬಿಯು ಈ ಕಾರ್ಯದಲ್ಲಿ ಮುಂದೆ ನಿಂತನು. ಲಿಟ್ಟನ್ನನಿಗೆ ಈ ಧರ್ಮಾರ್ಥ ವಂತಿಗೆ ಹಿಡಿಸಲಿಲ್ಲ. ಆದರೂ ಲಕ್ಷಗಟ್ಟಲೆ ಪೌಂಡು ಸೇರಿತು. ಕೊಟ್ಟವರಲ್ಲಿ ಸಾಮಾನ್ಯರೂ ಇದ್ದರು. ಭಾರತವನ್ನೇ ಕಾಣದ ಜನ ಕಾಣದವರಿಗಾಗಿ ಕೊಟ್ಟರು. ಇದು ಚಿಕ್ಕ ಸಂಗತಿಯಲ್ಲ.

ಆದರೆ ಆ ಚಿತ್ರಗಳು ಏನನ್ನು ತೋರಿಸಲಿಲ್ಲವೆಂಬುದನ್ನೂ ಕೇಳಬೇಕು. ಅವು ಒಡಲನ್ನು ತೋರಿಸಿದವು. ಒಡಲು ಹಾಗಾದುದಕ್ಕೆ ಕಾರಣವನ್ನು ತೋರಿಸಲಿಲ್ಲ. ಆ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ಬೆಲೆಯ ವಿಷಯದಲ್ಲಿ ಸರಕಾರ ಕೈಹಾಕಬಾರದೆಂಬ ಅರ್ಥಶಾಸ್ತ್ರದ ನಂಬಿಕೆಯನ್ನು ಯಾವ ಕ್ಯಾಮೆರಾ ಹಿಡಿದೀತು? ಒಂದಾಣೆಯ ಕೂಲಿಯನ್ನು ಗೊತ್ತುಮಾಡಿದ ಕಾಗದವನ್ನು ಯಾರು ಚಿತ್ರಿಸಿಯಾರು? ನೋಡಿದವನಿಗೆ ಮರುಕ ಹುಟ್ಟಿತು, ಮರುಕವು ಹಣವಾಯಿತು, ಹಣ ಕೊಟ್ಟವನ ಮನಸ್ಸು ಹಗುರವಾಯಿತು. ಈ ಹಸಿವಿನಲ್ಲಿ ತನ್ನ ರಾಜ್ಯಾಡಳಿತದ ಪಾಲೆಷ್ಟು ಎಂದು ಅವನನ್ನು ಆ ಚಿತ್ರ ಕೇಳಲಿಲ್ಲ. ದಾನಿಯನ್ನು ಸೃಷ್ಟಿಸುವುದು ಚಿತ್ರಕ್ಕೆ ಸುಲಭ, ಪ್ರಜೆಯನ್ನು ಸೃಷ್ಟಿಸುವುದು ಸುಲಭವಲ್ಲ. ಕ್ಷಾಮದ ಬಳಿಕ ನೇಮಕವಾದ ಆಯೋಗವು ವಿಚಾರಣೆ ನಡೆಸಿ, ಕ್ಷಾಮ ತಲೆದೋರಿದಾಗ ಅಧಿಕಾರಿಗಳು ಮಾಡಬೇಕಾದ ಕೆಲಸಗಳನ್ನು ಕ್ಷಾಮಸಂಹಿತೆಯಾಗಿ ರೂಪಿಸಿದ್ದು ನಿಜ. ಅದು ಬಂದದ್ದು 1880ರ ದಶಕದಲ್ಲಿ. ಆ ಸಂಹಿತೆಯೇ ಎರಡನೆಯ ಕಥೆಯ ಬಾಗಿಲು.

1943ರಲ್ಲಿ ಬಂಗಾಳ. ಯುದ್ಧಕಾಲ, 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು, ಶತ್ರುವಿಗೆ ಸಿಗಬಾರದೆಂದು ಸರಕಾರವೇ ನದಿಗಳ ದೋಣಿಗಳನ್ನು ಕಸಿದುಕೊಂಡಿತ್ತು, ಅದೇ ವರ್ಷದ ಅಕ್ಟೋಬರಿನಲ್ಲಿ ಮಿಡ್ನಾಪುರದ ಕರಾವಳಿಯನ್ನು ಚಂಡಮಾರುತ ಅಪ್ಪಳಿಸಿತ್ತು. ಬೆಲೆ ಏರಿತು, ಕೂಲಿ ಏರಲಿಲ್ಲ. ಹಳ್ಳಿಯ ಜನ ಕಲ್ಕತ್ತೆಗೆ ಬಂದು ಬೀದಿಗಳಲ್ಲಿ ಬಿದ್ದರು. ಅನ್ನವನ್ನು ಬೇಡುವ ಧೈರ್ಯವೂ ಇಲ್ಲದೆ, ಬಸಿದು ಚೆಲ್ಲುವ ಗಂಜಿಯ ತಿಳಿಯನ್ನಾದರೂ ಕೊಡಿರೆಂದು ಮನೆಮನೆಯ ಮುಂದೆ ಕೂಗಿದರು. ಇಷ್ಟಾದರೂ ಸರಕಾರವು ಕ್ಷಾಮವನ್ನು ಘೋಷಿಸಲಿಲ್ಲ. ಘೋಷಿಸಿದ್ದರೆ ಸಂಹಿತೆಯಂತೆ ಪರಿಹಾರ ನೀಡಲೇಬೇಕಾಗುತ್ತಿತ್ತು! ಕ್ಷಾಮವೆಂಬ ಶಬ್ದವನ್ನೇ ಪತ್ರಿಕೆಗಳಿಂದ ದೂರವಿಡಲು ಯುದ್ಧಕಾಲದ ನಿರ್ಬಂಧಗಳು ಒತ್ತಾಸೆಯಾದವು. ಹಳೆಯ ಕ್ಷಾಮವೊಂದರ ಬೂದಿಯಿಂದ ಹುಟ್ಟಿದ ನಿಯಮವು ಹೊಸ ಕ್ಷಾಮದಲ್ಲಿ ಹೆಸರಿಲ್ಲದ ಕಾರಣದಿಂದ ನಿರುಪಯುಕ್ತವಾಗಿ ಕುಳಿತಿತು.

ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಆಂಗ್ಲರ ಒಡೆತನದ ಪತ್ರಿಕೆ. ಅದರ ಸಂಪಾದಕ ಇಯಾನ್ ಸ್ಟೀಫನ್ಸನೂ ಆಂಗ್ಲನೇ. ಕಚೇರಿಗೆ ಹೋಗುವ ದಾರಿಯಲ್ಲಿ ದಿನವೂ ಕಾಣುವುದನ್ನು ಕಾಣದವನಂತೆ ಬರೆಯುವುದು ಅವನಿಗೆ ಸಾಧ್ಯವಾಗಲಿಲ್ಲ. ಮಾತಿಗಿದ್ದ ಕಟ್ಟು ಚಿತ್ರಕ್ಕೆ ಅಷ್ಟಾಗಿ ಇರಲಿಲ್ಲ. 1943ರ ಆಗಸ್ಟ್ 22ರ ಭಾನುವಾರ ಅವನು ಕಲ್ಕತ್ತೆಯ ಬೀದಿಯಲ್ಲಿ ಸಾಯುತ್ತಿದ್ದವರ ಛಾಯಾಚಿತ್ರಗಳನ್ನು ಪ್ರಕಟಿಸಿದನು. ಮುಂದಿನ ವಾರ ಮತ್ತೆ ಪ್ರಕಟಿಸಿದನು. ಆ ಚಿತ್ರಗಳು ದೆಹಲಿಗೆ ಹೋದವು, ಲಂಡನ್ನಿಗೂ ವಾಷಿಂಗ್ಟನ್ನಿಗೂ ಹೋದವು. ಇಲ್ಲವೆಂದು ಹೇಳಲಾಗುತ್ತಿದ್ದುದನ್ನು ಇನ್ನು ಇಲ್ಲವೆನ್ನುವಂತಿರಲಿಲ್ಲ. ಕ್ಷಾಮಕಾಲದಲ್ಲಿ ಒಮ್ಮೆಯೂ ಕಲ್ಕತ್ತೆಗೆ ಬಾರದ ವೈಸರಾಯ್ ಲಿನ್‌ಲಿತ್‌ಗೋನ ತರುವಾಯ ಅಕ್ಟೋಬರಿನಲ್ಲಿ ಅಧಿಕಾರ ವಹಿಸಿದ ವೇವೆಲನು ಅದೇ ತಿಂಗಳು ಅಲ್ಲಿಗೆ ಹೋಗಿ ಸೈನ್ಯವನ್ನು ಪರಿಹಾರಕಾರ್ಯಕ್ಕೆ ಹಚ್ಚಿದನು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಚಿತ್ರದ ವಿಜಯವೆಂದು ಹೇಳಿ ಮುಗಿಸಬಹುದು. ಆದರೆ ಸತ್ಯ ಅಷ್ಟು ಸರಳವಾಗಿಲ್ಲ. ಸಾವಿನ ಸಂಖ್ಯೆ ಅತ್ಯಂತ ಹೆಚ್ಚಾದದ್ದು ಆ ವರ್ಷದ ಡಿಸೆಂಬರಿನಲ್ಲಿ, ಹಸಿವಿನ ಹಿಂದೆಯೇ ಬಂದ ರೋಗಗಳಿಂದ. ಸರಕಾರದ ವಿಚಾರಣಾ ಆಯೋಗವು ಸತ್ತವರನ್ನು ಸುಮಾರು 15 ಲಕ್ಷವೆಂದಿತು. ಅನಂತರದ ವಿದ್ವಾಂಸರಲ್ಲಿ ಅನೇಕರು 30 ಲಕ್ಷದ ವರೆಗೂ ಎಣಿಸುತ್ತಾರೆ. ಚಿತ್ರ ತಡವಾಗಿ ಬಂದಿತು. ಅದಕ್ಕಿಂತಲೂ ಚಿಂತನೀಯವಾದ ಸಂಗತಿ ಮತ್ತೊಂದಿದೆ. ಅಕ್ಟೋಬರ್ ಕೊನೆಯಲ್ಲಿ ಸರಕಾರವು ಆಜ್ಞೆಯೊಂದನ್ನು ಹೊರಡಿಸಿ, ಕಲ್ಕತ್ತೆಯ ಬೀದಿಗಳಲ್ಲಿದ್ದ ನಿರ್ಗತಿಕರನ್ನು ಹಿಡಿದು ಶಿಬಿರಗಳಿಗೂ ಹಳ್ಳಿಗಳಿಗೂ ಸಾಗಿಸುವ ಅಧಿಕಾರವನ್ನು ಪಡೆಯಿತು. ಸಾಗಿಸಲ್ಪಟ್ಟವರಲ್ಲಿ ಕೆಲವರಿಗೆ ಅನ್ನ ಸಿಕ್ಕಿರಬಹುದು. ಆದರೆ ದುಃಖವನ್ನು ನೀಗುವುದು ಬೇರೆ, ದುಃಖದ ನೋಟವನ್ನು ನೀಗುವುದು ಬೇರೆ. ಚಿತ್ರದಿಂದ ನಾಚಿಕೆಗೊಂಡ ಅಧಿಕಾರವು ಮೊದಲನೆಯದನ್ನು ಮಾಡುವುದಕ್ಕೆ ಮುಂಚೆ ಎರಡನೆಯದನ್ನು ಮಾಡಲು ತವಕಿಸುತ್ತದೆ. ಬೀದಿ ಸ್ವಚ್ಛವಾದರೆ ಕ್ಯಾಮೆರಾಕ್ಕೆ ಕೆಲಸವಿಲ್ಲ. ಕ್ಯಾಮೆರಾಕ್ಕೆ ಕೆಲಸವಿಲ್ಲದಿದ್ದರೆ ನೋಡುವವನಿಗೆ ನಿದ್ದೆ ಬರುತ್ತದೆ.

ಆ ನಿದ್ದೆಯನ್ನು ಕೆಡಿಸಿದವರೂ ಇದ್ದರು. ಚಿತ್ತಪ್ರಸಾದ ಭಟ್ಟಾಚಾರ್ಯ ಎಂಬ ಯುವ ಚಿತ್ರಕಾರನು 1943ರ ನವೆಂಬರಿನಲ್ಲಿ ಮಿಡ್ನಾಪುರ ಜಿಲ್ಲೆಯಲ್ಲಿ ನಡೆದಾಡಿದನು. ಪತ್ರಿಕೆಗಳ ಕಣ್ಣು ತಲುಪದ ಹಳ್ಳಿಗಳಲ್ಲಿ ಕಂಡವರನ್ನು ಮಸಿಯಿಂದ ಬರೆದನು. ಆದರೆ ಬರೆಯುವುದಕ್ಕೆ ಮೊದಲು ಮಾತನಾಡಿಸಿದನು. ಅವನ ರೇಖಾಚಿತ್ರಗಳೊಡನೆ ಹೆಸರು, ಊರು, ಕಸುಬು, ಯಾರು ಯಾರನ್ನು ಕಳೆದುಕೊಂಡರು ಎಂಬ ವಿವರಗಳು ಬಂದವು. ‘ಹಂಗ್ರಿ ಬೆಂಗಾಲ್’ ಎಂಬ ಅವನ ಪುಸ್ತಿಕೆ ಅಚ್ಚಾದೊಡನೆ ಸರಕಾರವು ಅದರ ಪ್ರತಿಗಳನ್ನು ವಶಪಡಿಸಿಕೊಂಡು ಸುಟ್ಟಿತು. ಹೂಪರನ ಚಿತ್ರಗಳನ್ನು ಯಾರೂ ಸುಡಲಿಲ್ಲ. ಹಸಿದ ಒಡಲು ಕೇವಲ ಒಡಲಾಗಿರುವ ವರೆಗೆ ಆಳುವವನಿಗೆ ಅದರಿಂದ ಅಪಾಯವಿಲ್ಲ; ಅದಕ್ಕೊಂದು ಹೆಸರು ಬಂದು, ಕಳೆದುಹೋದ ಗದ್ದೆಯ ಲೆಕ್ಕ ಬಂದು, ಕಾರಣವನ್ನು ಕೇಳುವ ಬಾಯಿ ಬಂದಾಗ ಮಾತ್ರ ಚಿತ್ರವು ರಾಜದ್ರೋಹವಾಗುತ್ತದೆ. ಅದೇ ಕಾಲದಲ್ಲಿ ಸುನಿಲ್ ಜಾನಾ ತೆಗೆದ ಛಾಯಾಚಿತ್ರಗಳೂ ಜೈನುಲ್ ಆಬೆದಿನ್ ಬರೆದ ರೇಖಾಚಿತ್ರಗಳೂ ದೇಶವನ್ನು ತಟ್ಟಿದವು. 1944ರಲ್ಲಿ ‘ನಬಾನ್ನ’ ನಾಟಕ ರಂಗವನ್ನೇರಿತು. ಹಾಡುವವರೂ ಆಡುವವರೂ ಊರೂರು ಸುತ್ತಿ ಬಂಗಾಳಕ್ಕಾಗಿ ಜೋಳಿಗೆ ಹಿಡಿದರು. ಇಲ್ಲಿ ಕೊಟ್ಟವನು ಹಣ ಕೊಟ್ಟು ಮನೆಗೆ ಹೋಗಲಿಲ್ಲ. ಈ ಆಳ್ವಿಕೆ ಇನ್ನೆಷ್ಟು ದಿನ ಎಂಬ ಮಾತನ್ನೂ ಜೊತೆಗೆ ತೆಗೆದುಕೊಂಡು ಹೋದನು.

ಹನ್ನೆರಡನೆಯ ಶತಮಾನದ ಶರಣರು ಅರಿವನ್ನೂ ಆಚಾರವನ್ನೂ ಬೇರ್ಪಡಿಸಲು ಒಪ್ಪಲಿಲ್ಲವೆಂಬುದು ವಾಚಕರಿಗೆ ತಿಳಿದ ವಿಷಯ. ಆ ಅಳತೆಗೋಲನ್ನು ಇಲ್ಲಿ ಇಟ್ಟು ನೋಡಿದರೆ ಒಂದು ಭೇದ ತಿಳಿಯಾಗುತ್ತದೆ. ನೋಟವೇ ಅರಿವಲ್ಲ. ಹೂಪರನ ಚಿತ್ರವನ್ನು ನೋಡಿದವನು ಕಂಡನು, ಆದರೆ ಅರಿಯಲಿಲ್ಲ. ಆದುದರಿಂದ ಅವನ ಕ್ರಿಯೆಯು ಮರುಕದ ಮಟ್ಟದಲ್ಲಿಯೇ ನಿಂತಿತು. ದಾಸೋಹವೆಂಬ ಮಾತಿನಲ್ಲಿ ಕೊಡುವವನು ದಾಸನು, ಪಡೆಯುವವನಲ್ಲ. ಚಿತ್ರವು ಈ ಸಂಬಂಧವನ್ನು ತಲೆಕೆಳಗು ಮಾಡಿಬಿಡುವ ಅಪಾಯವುಂಟು. ಅಲ್ಲಿ ಹಸಿದವನು ಕೆಳಗೆ ಕುಳಿತಿದ್ದಾನೆ. ನೋಡುವವನು ಮೇಲೆ ನಿಂತಿದ್ದಾನೆ. ಹಸಿದವನು ತನ್ನ ಹಸಿವನ್ನು ಪ್ರದರ್ಶಿಸಿದಲ್ಲದೆ ಅನ್ನಕ್ಕೆ ಪಾತ್ರನಾಗಲಾರನು.

ಹೀಗಿದ್ದರೆ ಇಂತಹ ಚಿತ್ರಗಳೇ ಬೇಡವೆನ್ನೋಣವೆ ಎಂದು ಕೆಲವರು ಕೇಳಬಹುದು. ನೋಡಿ ನೋಡಿ ಮನಸ್ಸು ಮರಗಟ್ಟುತ್ತದೆ, ಸಂಕಟವೂ ವಿನೋದವಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಬೇಡವೆಂಬ ಮಾತು ಹೊಟ್ಟೆ ತುಂಬಿದವನಿಗೆ ಒಪ್ಪುವಷ್ಟು ಹಸಿದವನಿಗೆ ಒಪ್ಪುವುದಿಲ್ಲ. 2020ರ ಮಾರ್ಚಿನಲ್ಲಿ ಸೋಂಕುರೋಗದ ಕಾರಣದಿಂದ ದೇಶಕ್ಕೆ ದೇಶವೇ ಮುಚ್ಚಿದಾಗ ಕೂಲಿಕಾರರು ನೂರಾರು ಮೈಲಿ ನಡೆಯತೊಡಗಿದರು. ರಸ್ತೆಗಳಲ್ಲಿ ಈಗ ಯಾರೂ ಇಲ್ಲವೆಂದು ಮಾರ್ಚ್ 31ರಂದು ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಲಾಯಿತು. ಇದ್ದಾರೆಂದು ತೋರಿಸಿದವು ಚಿತ್ರಗಳು. ಅವುಗಳಲ್ಲಿ ಎಷ್ಟೋ ಸಾಮಾನ್ಯರ ಮೊಬೈಲಿನಲ್ಲಿ ತೆಗೆದವು. ತಾಯಿ ಎಳೆಯುತ್ತಿರುವ ಪೆಟ್ಟಿಗೆಯ ಮೇಲೆ ನಿದ್ದೆಹೋದ ಮಗುವನ್ನು ಕಂಡ ಮೇಲೆ ಊರೂರಿನ ಜನ ಹೆದ್ದಾರಿಯ ಬದಿಯಲ್ಲಿ ಅನ್ನದ ಹಂಡೆಗಳನ್ನಿಟ್ಟರು. ಕರ್ನಾಟಕ ಸರಕಾರವು ಆ ಮೇ ತಿಂಗಳ ಮೊದಲ ವಾರ ಶ್ರಮಿಕರ ವಿಶೇಷ ರೈಲುಗಳ ಕೋರಿಕೆಯನ್ನು ಹಿಂತೆಗೆದುಕೊಂಡು, ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ರೈಲು ಬಿಡಲು ಒಪ್ಪಿತು. ಮೇ 26ರಂದು ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಸುಳ್ಳನ್ನು ಸುಳ್ಳೆಂದು ತೋರಿಸುವ ಬಲ ಚಿತ್ರಕ್ಕೆ ಇನ್ನೂ ಇದೆಯೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ಬಂಗಾಳದ ಕ್ಷಾಮವನ್ನು ಶಾಂತಿನಿಕೇತನದಲ್ಲಿ ಬಾಲಕನಾಗಿ ಕಣ್ಣಾರೆ ಕಂಡ ಅಮರ್ತ್ಯ ಸೇನರು ಮುಂದೆ ಅರ್ಥಶಾಸ್ತ್ರಜ್ಞರಾಗಿ ಇದೇ ವಿಷಯವನ್ನು ವಿಚಾರಿಸಿದರು. ಪತ್ರಿಕೆಗಳು ಸ್ವತಂತ್ರವಾಗಿದ್ದು, ಆಳುವವರು ಚುನಾವಣೆಯಲ್ಲಿ ಜನರನ್ನು ಎದುರಿಸಬೇಕಾದ ದೇಶದಲ್ಲಿ ಮಹಾಕ್ಷಾಮಗಳು ಸಂಭವಿಸುವುದಿಲ್ಲವೆಂದು ಅವರು ವಾದಿಸಿದರು. ಇದು ಪ್ರಸಿದ್ಧವಾದ ಮಾತು. ಅದರ ಜೊತೆಗೆ ಅವರು ಹೇಳಿದ ಇನ್ನೊಂದು ಮಾತು ಅಷ್ಟು ಪ್ರಸಿದ್ಧವಾಗಿಲ್ಲ. ಕ್ಷಾಮವು ಕಣ್ಣಿಗೆ ಬೀಳುತ್ತದೆ, ಆದುದರಿಂದ ತಡೆಯಲ್ಪಡುತ್ತದೆ. ದಿನದಿನದ ಅರೆಹೊಟ್ಟೆ ಕಣ್ಣಿಗೆ ಬೀಳುವುದಿಲ್ಲ, ಆದುದರಿಂದ ಉಳಿದುಕೊಳ್ಳುತ್ತದೆ.

ಈ ಎರಡನೆಯ ಮಾತಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಕರ್ನಾಟಕದಲ್ಲಿ ಈ ಪ್ರಮಾಣ 35.4. ಮೂವರಲ್ಲಿ ಒಂದು ಮಗು. ಆದರೆ ಅಂತಹ ಮಗುವಿನ ಚಿತ್ರ ತೆಗೆದರೆ ಕಾಣುವುದೇನು? ಪಕ್ಕೆಲುಬು ಕಾಣುವುದಿಲ್ಲ. ಮಗು ನಗುತ್ತಲೂ ಇರಬಹುದು. ನಾಲ್ಕು ವರ್ಷದ ಮಗುವನ್ನು ನೋಡಿದವನು ಎರಡೂವರೆ ವರ್ಷದ ಆರೋಗ್ಯವಂತ ಮಗುವೆಂದು ತಿಳಿದು ಕೆನ್ನೆ ಸವರಿ ಮುಂದೆ ಹೋಗುತ್ತಾನೆ. ಅಲ್ಲಿ ಕಣ್ಣು ಸುಳ್ಳು ಹೇಳಲಿಲ್ಲ. ಅದಕ್ಕೆ ಹೇಳಲು ಏನೂ ಸಿಗಲಿಲ್ಲ. ಚಿತ್ರವನ್ನೇ ನಂಬಿ ಹೊಣೆಯನ್ನು ಹೊರುವ ಸಮಾಜವು ಈ ಮಗುವಿಗೆ ಹೊಣೆಯಾಗಲಾರದು.

ಇಂತಹ ಮಕ್ಕಳ ಪರವಾಗಿ ನಡೆದ ಕೆಲಸವೆಲ್ಲ ಬಹುಮಟ್ಟಿಗೆ ಚಿತ್ರವಿಲ್ಲದೆ ನಡೆದಿದೆ. 2001ರಲ್ಲಿ ರಾಜಸ್ಥಾನದಲ್ಲಿ ಬರ ಬಿದ್ದು, ಸರಕಾರಿ ಉಗ್ರಾಣಗಳಲ್ಲಿ ಧಾನ್ಯ ಕೊಳೆಯುತ್ತಿದ್ದಾಗ ನಾಗರಿಕ ಸಂಘವೊಂದು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿತು. ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡತಕ್ಕದ್ದೆಂದು ಆ ವರ್ಷದ ನವೆಂಬರ್ 28ರಂದು ಆಜ್ಞೆಯಾಯಿತು. ಕರ್ನಾಟಕದಲ್ಲಿ 2002ರ ಜೂನಿನಲ್ಲಿ ಈಶಾನ್ಯದ 7 ಜಿಲ್ಲೆಗಳಲ್ಲಿ ಮೊದಲಾದ ಆ ಊಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟರು. ಅದರ ಹಿಂದೆ ಕಣ್ಣೀರು ತರಿಸುವ ಪ್ರಸಿದ್ಧ ಚಿತ್ರವೊಂದೂ ಇಲ್ಲ. ಅರ್ಜಿ, ಪ್ರಮಾಣಪತ್ರ, ಹಾಜರಿಪಟ್ಟಿ, ಅಕ್ಕಿಯ ತೂಕ, ಇಷ್ಟೇ.

ಅದಕ್ಕೂ ಹಿಂದೆ, 1975ರ ಅಕ್ಟೋಬರ್ 2ರಂದು ಭಾರತದಲ್ಲಿ ಅಂಗನವಾಡಿಗಳ ಯೋಜನೆ 33 ಕಡೆಗಳಲ್ಲಿ ಆರಂಭವಾಯಿತು. ಅವುಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಧಾತು ಈಶ್ವರ ಬರವನ್ನು ಕಂಡ ಸೀಮೆ. ಅಂಗನವಾಡಿಯಲ್ಲಿಯೂ ಒಂದು ಚಿತ್ರ ಬರೆಯುತ್ತಾರೆ. ಮಗುವನ್ನು ತಿಂಗಳಿಗೊಮ್ಮೆ ತಕ್ಕಡಿಯಲ್ಲಿ ತೂಗಿ, ಬೆಳವಣಿಗೆಯ ಪಟ್ಟಿಯಲ್ಲಿ ಕಾರ್ಯಕರ್ತೆಯು ಒಂದು ಚುಕ್ಕೆಯನ್ನಿಡುತ್ತಾಳೆ. ಈಗ ಅದನ್ನು ಮೊಬೈಲಿನಲ್ಲಿಯೂ ದಾಖಲಿಸಬೇಕು. ಹೆಣ್ಣುಮಗುವಿನ ಪಟ್ಟಿಗೆ ಗುಲಾಬಿ ಬಣ್ಣದ ಅಂಚು, ಗಂಡುಮಗುವಿನದಕ್ಕೆ ನೀಲಿ. ಚುಕ್ಕೆಗಳನ್ನು ಕೂಡಿಸಿದರೆ ಗೆರೆಯಾಗುತ್ತದೆ. ಗೆರೆಯ ಮೇಲ್ಗಡೆ ಮಗುವಿನ ಹೆಸರಿರುತ್ತದೆ, ತಂದೆತಾಯಿಗಳ ಹೆಸರಿರುತ್ತದೆ. ಗೆರೆ ಹಸಿರಿನಲ್ಲಿ ಏರುತ್ತಿದ್ದರೆ ಒಳ್ಳೆಯದು. ಎರಡು ತಿಂಗಳು ಅದು ಮೇಲೇಳದೆ ಅಡ್ಡಲಾಗಿ ಹರಿದು ಹಳದಿಯ ಕಡೆ ಬಾಗಿದರೆ, ಕಾರ್ಯಕರ್ತೆಯು ಆ ಪಟ್ಟಿಯನ್ನು ಹಿಡಿದುಕೊಂಡು ಸಂಜೆ ಆ ಮನೆಯ ಬಾಗಿಲಿಗೆ ಹೋಗಿ, ಒಲೆಯ ಮುಂದಿರುವ ತಾಯಿಯನ್ನು ಹೊರಕ್ಕೆ ಕರೆದು ತೋರಿಸುತ್ತಾಳೆ.